ವಿಜ್ಞಾನದ ಕೆಲಸ ಬಿಟ್ಟು ಮದುವೆ ಮನೆಯಲ್ಲಿ ನಿಂತು ಚಿತ್ರ ಬರೆಯುವ ಯೋಚನೆ: ಮಾಡಿದವರಿದ್ದರೆ ಹೇಳಿ

ಪ್ರಶ್ನೆ: ಹರಳಿನವಳು

ಪ್ರೋಟೀನ್ ಸ್ಫಟಿಕಶಾಸ್ತ್ರದಲ್ಲಿ, ಅಂದರೆ ಪ್ರೋಟೀನನ್ನು ಹರಳುಗಟ್ಟಿಸಿ ಎಕ್ಸ್-ಕಿರಣದಿಂದ ಅದರ ರಚನೆ ತಿಳಿಯುವ ವಿಷಯದಲ್ಲಿ, ಪಿಎಚ್‌.ಡಿ. ಮುಗಿಸಿ ಈಗ ಎರಡನೆಯ ಪೋಸ್ಟ್‌ಡಾಕ್‌ನಲ್ಲಿ (ಪಿಎಚ್‌.ಡಿ. ನಂತರದ ತಾತ್ಕಾಲಿಕ ಸಂಶೋಧನಾ ಹುದ್ದೆ) ಇದ್ದೇನೆ. ಗಾಜಿನ ತೆಳು ಮುಚ್ಚಳಕ್ಕೆ ಪ್ರೋಟೀನ್ ದ್ರಾವಣದ ಹನಿಗಳನ್ನು ತೂಗುಬಿಟ್ಟು, ಹರಳು ಮೂಡಿತೇ ಎಂದು ವಾರಗಟ್ಟಲೆ ಸೂಕ್ಷ್ಮದರ್ಶಕದಲ್ಲಿ ಇಣುಕುವುದು ನನ್ನ ಕೆಲಸ. ಬಹುಪಾಲು ಹನಿಗಳಲ್ಲಿ ಏನೂ ಇರುವುದಿಲ್ಲ, ಇಲ್ಲವೇ ಕಂದು ಗಸಿ. ಅಂತೂ ಒಂದು ಚೆಂದದ ಹರಳು ಸಿಕ್ಕಿತೆಂದು ಹಿಗ್ಗಿ ಎಕ್ಸ್-ಕಿರಣ ಹಾಯಿಸಿದರೆ ಅದು ಬರೀ ಉಪ್ಪಿನ ಹರಳಾಗಿರುತ್ತದೆ.

ಇದರಿಂದ ಬೇಸತ್ತು ಹೊರಟಿದ್ದೇನೆ ಎಂದುಕೊಳ್ಳಬೇಡಿ. ಪ್ರೋಟೀನಿನ ರಚನೆಯನ್ನು ಗಣಕದಲ್ಲೇ ಊಹಿಸುವ ಆಲ್ಫಾಫೋಲ್ಡ್ ಬಂದ ಮೇಲೆ ನಿಮಗೇನು ಕೆಲಸ ಎಂದು ಕೇಳುವವರೂ ಇದ್ದಾರೆ. ಅದು ಊಹಿಸಿದ ರಚನೆಗಳನ್ನು ನಾವೇ ದಿನವೂ ಬಳಸುತ್ತೇವೆ. ಹಾಗಿದ್ದೂ ಔಷಧದ ಅಣು ಪ್ರೋಟೀನಿನಲ್ಲಿ ಎಲ್ಲಿ ಹೇಗೆ ಕೂರುತ್ತದೆ ಎಂದು ಖಚಿತಪಡಿಸಿಕೊಳ್ಳಲು ಹೊರಟಾಗ ಹೆಚ್ಚಾಗಿ ಹರಳೇ ಬೇಕಾಗುತ್ತದೆ. ಕೆಲಸಕ್ಕೆ ಕೊರತೆಯಿಲ್ಲ. ನನಗೆ ಬೇಡವಾಗಿದೆ, ಅಷ್ಟೆ.

ಹೋದ ವರ್ಷ ಸಹೋದ್ಯೋಗಿಯೊಬ್ಬರ ಮದುವೆಯಲ್ಲಿ ಉಡುಗೊರೆಯ ಬದಲು ಒಂದು ಮೂಲೆಯಲ್ಲಿ ಈಸೆಲ್ (ಕ್ಯಾನ್ವಾಸ್ ನಿಲ್ಲಿಸುವ ಚೌಕಟ್ಟು) ನಿಲ್ಲಿಸಿ, ಸಮಾರಂಭ ನಡೆಯುತ್ತಿದ್ದಂತೆಯೇ ಅದರ ಚಿತ್ರ ಬರೆದೆ. ವಧೂವರರಿಗಿಂತ ಅವರ ಹಿಂದಿನ ಎತ್ತರದ ಕಿಟಕಿಯೇ ಚೆನ್ನಾಗಿ ಬಂದಿತು. ಆದರೂ ಅದನ್ನು ನೋಡಿದ ಇಬ್ಬರು, ನಮ್ಮ ಮದುವೆಗೂ ಬರುತ್ತೀರಾ, ಎಷ್ಟು ತೆಗೆದುಕೊಳ್ಳುತ್ತೀರಿ ಎಂದು ವಿಚಾರಿಸಿದ್ದಾರೆ. ಎಷ್ಟು ಎಂದು ಹೇಳಲು ನನಗೆ ನಾಲಿಗೆ ಹೊರಳಲಿಲ್ಲ.

ಒಪ್ಪಂದ ಇನ್ನು ಕೆಲವೇ ತಿಂಗಳಲ್ಲಿ ಮುಗಿಯುತ್ತದೆ. ಮುಂದುವರಿಸೋಣ ಎಂದು ಪ್ರಯೋಗಾಲಯದ ಮುಖ್ಯಸ್ಥೆ ಹೇಳಿದ್ದಾರೆ, ನಾನಿನ್ನೂ ಹೂಂ ಎಂದಿಲ್ಲ. ಕಲಾಶಾಲೆಯ ಮೆಟ್ಟಿಲು ಹತ್ತದ ನನ್ನಂಥವಳ ಕೈ ಈ ವೃತ್ತಿಗೆ ಸಾಲುತ್ತದೆಯೇ? ಅಕ್ರಿಲಿಕ್ ಒಳ್ಳೆಯದೋ ತೈಲವರ್ಣವೋ? ಇಷ್ಟು ವರ್ಷದ ಓದು ಪೂರ್ತಿ ನೀರುಪಾಲೇ?

ಒಂದು ವಿನಂತಿ: ‘ವಿಜ್ಞಾನದ ಪುಸ್ತಕಗಳಿಗೆ ಚಿತ್ರ ಬರೆಯಬಹುದಲ್ಲ’ ಎಂದು ಮಾತ್ರ ಹೇಳಬೇಡಿ.

ಉತ್ತರ: ಕೋಶಪ್ರಿಯ

ಹೇಳಬೇಡಿ ಎಂದದ್ದನ್ನೇ ಹೇಳುತ್ತಿದ್ದೇನೆ, ಕೋಪ ಮಾಡಿಕೊಳ್ಳಬೇಡಿ. ವಿಜ್ಞಾನಿ ಕೆಂಡ್ರೂ ಎಕ್ಸ್-ಕಿರಣದಿಂದ ಕಂಡುಕೊಂಡ, ಸ್ನಾಯುವಿನ ಪ್ರೋಟೀನಾದ ಮಯೋಗ್ಲೋಬಿನ್ ರಚನೆಯನ್ನು 1961ರಲ್ಲಿ ಪತ್ರಿಕೆಯೊಂದಕ್ಕಾಗಿ ಕೈಯಾರೆ ಬರೆದು ತೋರಿಸಿದವರು ಚಿತ್ರಕಾರ ಅರ್ವಿಂಗ್ ಗೈಸ್. ನೀವು ದಿನವೂ ಪರದೆಯ ಮೇಲೆ ತಿರುಗಿಸಿ ನೋಡುವ ರಿಬ್ಬನ್ ಚಿತ್ರಗಳನ್ನು (ಪ್ರೋಟೀನಿನ ಮಡಿಕೆಗಳನ್ನು ಪಟ್ಟಿಗಳಂತೆ ತೋರಿಸುವಂಥವು) 1980ರ ದಶಕದ ಆರಂಭದಲ್ಲಿ ಕೈಯಿಂದಲೇ ಬರೆದು ರೂಢಿಗೆ ತಂದವರು ಜೇನ್ ರಿಚರ್ಡ್‌ಸನ್. ಡೇವಿಡ್ ಗುಡ್‌ಸೆಲ್ ಜೀವಕೋಶದ ಒಳಗಿನ ಸಂತೆಯನ್ನೆಲ್ಲ ಜಲವರ್ಣದಲ್ಲಿ ಬರೆಯುತ್ತಾರೆ, ವಿಜ್ಞಾನಿಯಾಗಿಯೇ ಉಳಿದಿದ್ದಾರೆ. ಇರುವ ಕೆಲಸ ಬಿಡದೆ ಕುಂಚ ಹಿಡಿಯುವ ದಾರಿ ಇಷ್ಟು ಚೆನ್ನಾಗಿ ತೆರೆದಿರುವಾಗ ಅಪರಿಚಿತರ ಮದುವೆಯಲ್ಲಿ ಕಾಲು ನೋಯಿಸಿಕೊಳ್ಳುವುದು ಏಕೆ?

ಹರಳಿನವಳು

ಮೂವರ ಕೆಲಸವನ್ನೂ ಬಲ್ಲೆ. ಗುಡ್‌ಸೆಲ್ ಅವರ ಚಿತ್ರವೊಂದರ ಒಂದು ಪ್ರತಿ ನನ್ನ ಮೇಜಿನ ಎದುರಿಗೇ ಇದೆ. ಆದರೆ ಪ್ರೋಟೀನ್ ನನ್ನತ್ತ ತಿರುಗಿ ನಗುವುದಿಲ್ಲ. ನನಗೆ ಮನುಷ್ಯರು ಬೇಕು, ಅದೂ ಅವರು ಕದಲುತ್ತಿರುವಾಗ.

ಉತ್ತರ: ಮಾಜಿ ರಸಾಯನಿ

ನಾನು ಹಿಂದೆ ಪಾಲಿಮರ್ ಎಮಲ್ಷನ್‌ಗಳ (ನೀರಿನಲ್ಲಿ ತೇಲುವ ಸಣ್ಣ ಪ್ಲಾಸ್ಟಿಕ್ ಕಣಗಳ ದ್ರವ) ಮೇಲೆ ಸಂಶೋಧನೆ ಮಾಡುತ್ತಿದ್ದೆ. ನೀವು ಕೇಳಿದ ಅಕ್ರಿಲಿಕ್ ಬಣ್ಣದ ಜೀವಾಳವೂ ಅದೇ ವಸ್ತು. ಈಗ ಮದುವೆಗಳ ಚಿತ್ರ ಬರೆದೇ ಹೊಟ್ಟೆ ಹೊರೆಯುತ್ತೇನೆ. ಆದ್ದರಿಂದ ಸ್ವಲ್ಪ ಉದ್ದವಾಗಿಯೇ ಬರೆಯುತ್ತೇನೆ.

ಕೈ ಸಾಲುತ್ತದೆಯೇ ಎಂಬ ಪ್ರಶ್ನೆಯನ್ನು ಪಕ್ಕಕ್ಕಿಡಿ. ಕೈ ಮಾಡುತ್ತಾ ಮಾಡುತ್ತಾ ಪಳಗುತ್ತದೆ. ಅರೆಬರೆಯಾದ ನಿಮ್ಮ ಕೆಲಸವನ್ನು ಸುತ್ತಲೂ ಜನ ನಿಂತು ನೋಡುತ್ತಿರುವಾಗ ನೀವು ಅದನ್ನು ಮುಂದುವರಿಸಬಲ್ಲಿರಾ? ಈ ವೃತ್ತಿಯಲ್ಲಿ ಉಳಿಯುವವರು ಯಾರು, ಓಡುವವರು ಯಾರು ಎಂಬುದು ಇದೊಂದರಿಂದಲೇ ತೀರ್ಮಾನವಾಗುವುದನ್ನು ನೋಡಿದ್ದೇನೆ.

ಪ್ರಯೋಗಾಲಯ ನಮ್ಮನ್ನು ಇದಕ್ಕೆ ತದ್ವಿರುದ್ಧವಾಗಿ ಪಳಗಿಸಿರುತ್ತದೆ. ಗಸಿ ಕಟ್ಟಿದ ಹನಿಗಳನ್ನು ನೀವು ಹೊರಗಿನವರಿಗೆ ತೋರಿಸುವುದಿಲ್ಲ. ಪ್ರಬಂಧದಲ್ಲಿ ಬರುವುದು ಕಟ್ಟಕಡೆಯ ಹರಳು ಮಾತ್ರ, ಅದೂ ಸಹಲೇಖಕರೆಲ್ಲ ತಿದ್ದಿ ತೀಡಿ, ವಿಮರ್ಶಕರು ಒಪ್ಪಿದ ಮೇಲೆ. ಮದುವೆ ಮನೆಯಲ್ಲಿ ಅಂಥ ಮರೆ ಇಲ್ಲ. ಪ್ರತಿ ಚಿತ್ರಕ್ಕೂ ಒಂದು ಕೆಟ್ಟ ಗಳಿಗೆ ಬಂದೇ ಬರುತ್ತದೆ. ಹಿನ್ನೆಲೆ ಮುಗಿದಿರುತ್ತದೆ, ದೀಪಗಳು ಬಂದಿರುತ್ತವೆ, ನಟ್ಟನಡುವೆ ವಧೂವರರ ಜಾಗದಲ್ಲಿ ಕಣ್ಣು ಮೂಗಿಲ್ಲದ ಎರಡು ಗೂಟಗಳು ನಿಂತಿರುತ್ತವೆ, ಒಂದರ ಮೈಬಣ್ಣ ಇನ್ನೂ ಇಟ್ಟಿಗೆಗೆಂಪು. ಸರಿಯಾಗಿ ಆಗಲೇ ವಧುವಿನ ಸೋದರತ್ತೆ ಕೈಯಲ್ಲೊಂದು ಲೋಟ ಹಿಡಿದು ಬಂದು ನಿಲ್ಲುತ್ತಾರೆ. ‘ಇದು ನಮ್ಮ ಹುಡುಗಿಯೇ?’ ಎಂದು ಕೇಳುತ್ತಾರೆ. ನೀವು ನಗಬೇಕು. ‘ಇನ್ನೊಂದು ಗಂಟೆ ಬಿಟ್ಟು ಬನ್ನಿ, ನೀವೇ ಗುರುತು ಹಿಡಿಯುತ್ತೀರಿ’ ಎನ್ನಬೇಕು. ಹಾಗೆನ್ನುವಾಗ ಕುಂಚ ನಿಲ್ಲಬಾರದು. ನಿಂತಿತೋ, ಬೆರೆಸಿಟ್ಟ ಮೈಬಣ್ಣ ಪ್ಯಾಲೆಟ್ಟಿನ ಮೇಲೆಯೇ ಸಿಪ್ಪೆಗಟ್ಟುತ್ತದೆ, ಮತ್ತೆ ಅದೇ ಬಣ್ಣ ಬೆರೆಸಲು ಹೋಗಿ ಹತ್ತು ನಿಮಿಷ ಕಳೆದುಕೊಳ್ಳುತ್ತೀರಿ.

ವೃತ್ತಿ ಬದಲಿಸುವವರಿಗೆಲ್ಲ ಯಾರಾದರೂ ಚಿತ್ರಕಾರ ಕಾಂಡಿನ್‌ಸ್ಕಿಯ ಕಥೆ ಹೇಳಿಯೇ ಹೇಳುತ್ತಾರೆ: ಕಾನೂನು ಓದಿದವರು, ಪ್ರಾಧ್ಯಾಪಕ ಹುದ್ದೆ ಕೈಗೆ ಬಂದಿತ್ತು, ಮೂವತ್ತರ ವಯಸ್ಸಿನಲ್ಲಿ ಅದನ್ನು ಬೇಡವೆಂದು 1896ರಲ್ಲಿ ಮ್ಯೂನಿಕ್‌ಗೆ ಚಿತ್ರಕಲೆ ಕಲಿಯಲು ಹೊರಟರು ಎಂದು. ಕಥೆ ನಿಜ, ನಮಗೆ ಉಪಯೋಗವಿಲ್ಲ. ಅವರ ಬೆನ್ನ ಹಿಂದೆ ಸೋದರತ್ತೆ ನಿಂತಿರಲಿಲ್ಲ.

ಆದ್ದರಿಂದ ರಾಜೀನಾಮೆಗೆ ಮೊದಲು ಇದೊಂದು ಪರೀಕ್ಷೆ ಮಾಡಿಕೊಳ್ಳಿ. ಜನ ಓಡಾಡುವ ಯಾವುದಾದರೂ ಜಾಗದಲ್ಲಿ, ಪರಿಚಯಸ್ಥರು ಯಾರೂ ಇಲ್ಲದೆಡೆ, ಈಸೆಲ್ ಹೂಡಿ ಐದಾರು ಗಂಟೆ ನಿಂತು ಒಂದು ಚಿತ್ರ ಮುಗಿಸಿ. ಚಿತ್ರ ಹೇಗೆ ಬಂದಿತು ಎಂದು ನೋಡಬೇಡಿ. ಆ ಜನರ ಮೇಲೆ ಸಿಟ್ಟು ಬಂದಿತೇ, ಅಥವಾ ಅವರು ಬಂದು ಮಾತನಾಡಿಸಿದಾಗಲೆಲ್ಲ ಕೆಲಸ ಇನ್ನಷ್ಟು ಚುರುಕಾಯಿತೇ ಎಂದು ನೋಡಿಕೊಳ್ಳಿ. ಸಿಟ್ಟು ಬಂದರೆ ಅವಮಾನವೇನಲ್ಲ. ಮನೆಯಲ್ಲೇ ಕುಳಿತು ಛಾಯಾಚಿತ್ರ ನೋಡಿ ಮದುವೆಯ ಚಿತ್ರ ಬರೆದುಕೊಡುವವರೂ ಇದ್ದಾರೆ, ಅದೂ ಮರ್ಯಾದೆಯ ಕೆಲಸವೇ.

ಇನ್ನು ಆ ದಿನದ ಕೆಲಸ. ನೋಡುವವರಿಗೆ ಎಲ್ಲವೂ ಕಣ್ಣೆದುರಿಗೇ ಹುಟ್ಟಿದಂತೆ ಕಾಣುತ್ತದೆ, ಅರ್ಧಕ್ಕರ್ಧ ಮೊದಲೇ ತೀರ್ಮಾನವಾಗಿರುತ್ತದೆ. ಯಾವ ಕ್ಷಣದ ಚಿತ್ರ ಬೇಕು ಎಂದು ವಧೂವರರ ಬಳಿ ವಾರಗಳ ಮೊದಲೇ ಕೇಳಿಡಬೇಕು. ಸಮಾರಂಭಕ್ಕೆ ಎರಡು ಮೂರು ಗಂಟೆ ಮುಂಚೆ ಹೋಗಿ ಕಟ್ಟಡ, ಅಲಂಕಾರ, ಬೆಳಕು ಬರುವ ದಿಕ್ಕು ಇಷ್ಟನ್ನೂ ಕ್ಯಾನ್ವಾಸಿಗೆ ಇಳಿಸಿಬಿಡಬೇಕು. 24×30 ಇಂಚಿನ ಕ್ಯಾನ್ವಾಸ್‌ಗಿಂತ ದೊಡ್ಡದಕ್ಕೆ ಆರಂಭದಲ್ಲಿ ಕೈ ಹಾಕಬೇಡಿ. ಆ ಕ್ಷಣ ಬಂದಾಗ ಕುಂಚ ಕೆಳಗಿಟ್ಟು, ಈಸೆಲ್ ಇರುವ ಜಾಗದಿಂದಲೇ ನೀವೇ ಫೋಟೊ ತೆಗೆದುಕೊಳ್ಳಿ. ಛಾಯಾಗ್ರಾಹಕರ ಫೋಟೊ ಚೆಂದವಿರುತ್ತದೆ, ಆದರೆ ಕೋನ ಬೇರೆ, ಮಸೂರ ಬೇರೆ. ಅದರಲ್ಲಿರುವ ತಲೆ ನಿಮ್ಮ ಹಿನ್ನೆಲೆಯ ಮುಂದೆ ಕೂರುವುದೇ ಇಲ್ಲ. ಆಮೇಲೆ ಉಳಿಯುವ ಎರಡು ಮೂರು ಗಂಟೆಯಲ್ಲಿ ಭಂಗಿ, ಬಟ್ಟೆ, ಸುತ್ತಲಿನ ಜನ. ಮುಖಗಳ ಸೂಕ್ಷ್ಮ ಕೆಲಸ ಮನೆಗೆ ಬಂದ ಮೇಲೆ. ಇದನ್ನು ಮೊದಲೇ ಬರವಣಿಗೆಯಲ್ಲಿ ತಿಳಿಸಿ. ಇಲ್ಲದಿದ್ದರೆ ರಾತ್ರಿ ಹೊರಡುವಾಗ ‘ಇಷ್ಟೇನಾ’ ಎನ್ನುತ್ತಾರೆ. ಬೈಬಲಿನ ಕಾನಾ ಊರಿನ ಮದುವೆಯ ಔತಣವನ್ನು ಬರೆಯಲು ಇಟಲಿಯ ಚಿತ್ರಕಾರ ವೆರೊನೀಸ್‌ಗೆ 1562ರಿಂದ 1563ರವರೆಗೆ ಒಂದು ವರ್ಷಕ್ಕೂ ಹೆಚ್ಚು ಕಾಲ ಬೇಕಾಯಿತು. ಅದು ಸುಮಾರು ಹತ್ತು ಮೀಟರ್ ಅಗಲದ ಚಿತ್ರ, ಒಪ್ಪಿದೆ. ಆದರೂ ಕೇಳುವವರಿಗೆ ನಾನು ಇದನ್ನು ನೆನಪಿಸುವುದುಂಟು.

ಬಣ್ಣದ ವಿಷಯ ಬಂದರೆ ನನ್ನ ಹಳೆಯ ಚಾಳಿ ಮರುಕಳಿಸುತ್ತದೆ, ಸಹಿಸಿಕೊಳ್ಳಿ. ಅಕ್ರಿಲಿಕ್ ಹಸಿಯಿದ್ದಾಗ ಅದರೊಳಗಿನ ಎಮಲ್ಷನ್ ಹಾಲಿನಂತೆ ಬೆಳ್ಳಗಿರುತ್ತದೆ. ನೀರು ಆರಿ ಪಾಲಿಮರ್ ಕಣಗಳು ಒಂದಕ್ಕೊಂದು ಬೆಸೆದುಕೊಂಡಾಗ ಆ ಬಿಳುಪು ಹೋಗಿ ಪದರ ಪಾರದರ್ಶಕವಾಗುತ್ತದೆ, ಬಣ್ಣ ಒಂದು ಛಾಯೆ ಗಾಢವಾಗುತ್ತದೆ. ಕೆನ್ನೆಯ ಬಣ್ಣವನ್ನು ಕಣ್ಣಿಗೆ ಕಂಡಂತೆಯೇ ಬೆರೆಸಿದರೆ ಹತ್ತು ನಿಮಿಷದಲ್ಲಿ ವಧು ಬಿಸಿಲಿನಲ್ಲಿ ತಿರುಗಿ ಬಂದಂತೆ ಕಾಣುತ್ತಾಳೆ. ಬೇಕಾದುದಕ್ಕಿಂತ ತುಸು ತಿಳಿಯಾಗಿ ಬೆರೆಸಿ. ಬಯಲಿನ ಮದುವೆಯಲ್ಲಿ ಸಂಜೆ ಚಳಿ ಸುಮಾರು 10 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗಿಳಿದರೆ ಕಣಗಳು ಸರಿಯಾಗಿ ಬೆಸೆಯುವುದೇ ಇಲ್ಲ, ಪದರಕ್ಕೆ ಗಟ್ಟಿತನ ಬರುವುದಿಲ್ಲ. ಅಂಥ ದಿನಗಳಲ್ಲಿ ಒಳಗೆ ಜಾಗ ಕೇಳಿ.

ತೈಲವರ್ಣದ ಮೃದುತ್ವಕ್ಕೆ ಸಾಟಿಯಿಲ್ಲ, ಆದರೆ ಅದರಲ್ಲಿರುವ ಅಗಸೆ ಎಣ್ಣೆ ಒಣಗುವುದೆಂದರೆ ಆವಿಯಾಗುವುದಲ್ಲ, ಗಾಳಿಯ ಆಮ್ಲಜನಕ ಹೀರಿಕೊಂಡು ಜಾಲಕಟ್ಟುವುದು. ಅದಕ್ಕೆ ದಿನಗಳು ಬೇಕು. ಜನದಟ್ಟಣೆಯಲ್ಲಿ ಹಸಿ ಕ್ಯಾನ್ವಾಸ್ ಹೊತ್ತು ಹೊರಬರುವುದನ್ನು ಊಹಿಸಿಕೊಳ್ಳಿ. ಜೊತೆಗೆ ಬಣ್ಣ ತೆಳುಮಾಡುವ ಟರ್ಪೆಂಟೈನ್ ವಾಸನೆ, ಅದೂ ಜನ ಊಟ ಮಾಡುವ ಕಡೆ. ಅಷ್ಟಾಗಿಯೂ ಎಣ್ಣೆಯೇ ಬೇಕೆಂದರೆ, ಒರೆಸಿದ ಬಟ್ಟೆಗಳನ್ನು ಮುದ್ದೆ ಮಾಡಿ ಕಾರಿನಲ್ಲಿ ಎಸೆಯಬೇಡಿ. ಆ ಆಮ್ಲಜನಕದ ಕ್ರಿಯೆ ಶಾಖ ಬಿಡುತ್ತದೆ. ಮುದ್ದೆಯೊಳಗೆ ಶಾಖ ಸಿಕ್ಕಿಬಿದ್ದು ಬಟ್ಟೆ ತಾನಾಗಿ ಹೊತ್ತಿಕೊಳ್ಳಬಹುದು. ನೀರಿನಲ್ಲಿ ಅದ್ದಿ, ಮುಚ್ಚಳವಿರುವ ಲೋಹದ ಡಬ್ಬಿಯಲ್ಲಿಡಿ.

ಕೆಂಪು ಯಾವುದು ಎಂದು ನೋಡಿಕೊಂಡು ಕೊಳ್ಳಿ. ಅಲಿಜರಿನ್ ಕ್ರಿಮ್ಸನ್ ಎಂಬ ಕೆಂಪು ಕೆನ್ನೆಗೆ ಹೇಳಿ ಮಾಡಿಸಿದಂತಿರುತ್ತದೆ, ಆದರೆ ಬಿಳಿ ಬೆರೆಸಿ ತೆಳುವಾಗಿ ಹಚ್ಚಿದರೆ ಬೆಳಕಿಗೆ ಮಾಸುತ್ತದೆ. ಕ್ವಿನಾಕ್ರಿಡೋನ್ ಕೆಂಪು ಅದಕ್ಕಿಂತ ಎಷ್ಟೋ ಬಾಳಿಕೆಯದು. ಮದುವೆಯ ಚಿತ್ರವನ್ನು ಯಾರೂ ಕಪಾಟಿನಲ್ಲಿ ಮುಚ್ಚಿಡುವುದಿಲ್ಲ, ಕಿಟಕಿಯ ಎದುರಿಗೇ ತೂಗುಹಾಕುತ್ತಾರೆ.

ಓದು ನೀರುಪಾಲೇ ಎಂದಿರಿ. ವಧೂವರರು ನಿಮ್ಮ ಪಿಎಚ್‌.ಡಿ. ಕಟ್ಟಿಕೊಂಡು ಏನು ಮಾಡುತ್ತಾರೆ? ಅವರಿಗೆ ಬೇಕಾದದ್ದು ಅಜ್ಜಿಯ ಮೂಗು ಅಜ್ಜಿಯದಾಗಿರುವುದು. ಆದರೆ ಬಣ್ಣ ಬೆರೆಸಿದ ಪ್ರಮಾಣವನ್ನು ಪುಸ್ತಕದಲ್ಲಿ ಬರೆದಿಡುವ ಅಭ್ಯಾಸ, ಯಾವ ಹಂತಕ್ಕೆ ಎಷ್ಟು ಹೊತ್ತು ಹಿಡಿಯಿತೆಂದು ಗಮನಿಸುವ ಅಭ್ಯಾಸ ಬಿಟ್ಟು ಹೋಗುವುದಿಲ್ಲ. ಮುಖದ ತಿದ್ದುಪಡಿಗೆಂದು ಎರಡು ವಾರದ ನಂತರ ಕುಳಿತಾಗ ಆ ಪುಸ್ತಕವೇ ಕೈ ಹಿಡಿಯುವುದು.

ಉತ್ತರ: ವಾರಾಂತ್ಯದ ಕುಂಚ

ಮಾಜಿ ರಸಾಯನಿಯವರ ಮಾತಿಗೆ ನನ್ನದೊಂದು ತಕರಾರು. ಸೋದರತ್ತೆಯನ್ನು ಸಂಭಾಳಿಸಿಬಿಡಬಹುದು, ಖಾಲಿ ತಿಂಗಳುಗಳನ್ನು ಸಂಭಾಳಿಸುವುದು ಕಷ್ಟ. ನಾನು ಸಂಖ್ಯಾಶಾಸ್ತ್ರದ ಕೆಲಸದಲ್ಲಿದ್ದುಕೊಂಡೇ ರಜಾದಿನಗಳಲ್ಲಿ ಮದುವೆಗಳಿಗೆ ಹೋಗುತ್ತೇನೆ. ಎಲ್ಲರೂ ಮದುವೆಯಾಗುವುದು ಒಂದೇ ಋತುವಿನಲ್ಲಿ, ಒಂದೇ ಬಗೆಯ ದಿನಗಳಲ್ಲಿ. ಒಂದೇ ದಿನಕ್ಕೆ ಮೂವರು ಕೇಳುತ್ತಾರೆ, ಆಮೇಲೆ ತಿಂಗಳುಗಟ್ಟಲೆ ಒಬ್ಬರೂ ಕೇಳುವುದಿಲ್ಲ. ಅವರಂತೆ ಪೂರ್ಣಕಾಲ ನಿಲ್ಲಬೇಕಾದರೆ ಆ ಖಾಲಿ ತಿಂಗಳುಗಳಿಗೆ ಬೇರೆ ಕೆಲಸ ಬೇಕು: ಭಾವಚಿತ್ರ, ಪಾಠ, ಏನಾದರೂ.

ದರದ ಬಗ್ಗೆ ನಾಲಿಗೆ ಹೊರಳದಿರುವುದಕ್ಕೆ ಕಾರಣ ಸಂಕೋಚವಲ್ಲ, ಲೆಕ್ಕ ಮಾಡದಿರುವುದು. ಸಮಾರಂಭದಲ್ಲಿ ನಿಂತ ಗಂಟೆಗಳು ಕಣ್ಣಿಗೆ ಕಾಣುತ್ತವೆ. ಅದಕ್ಕೆ ಮೊದಲಿನ ಮಾತುಕತೆ, ಪ್ರಯಾಣ, ಮನೆಯಲ್ಲಿ ಮುಖಗಳಿಗೆ ಹಿಡಿಯುವ ಹೊತ್ತು, ವಾರ್ನಿಷ್, ಚೌಕಟ್ಟು, ರವಾನೆ ಎಲ್ಲವನ್ನೂ ಒಂದು ಹಾಳೆಯಲ್ಲಿ ಬರೆಯಿರಿ. ಅಷ್ಟು ಗಂಟೆಗೆ ಈಗಿನ ಸಂಬಳದಂತೆ ಎಷ್ಟಾಗುತ್ತದೆ ನೋಡಿ, ಅದಕ್ಕಿಂತ ಕಡಿಮೆ ಹೇಳಬೇಡಿ. ಮುಂಗಡ ಕೈಗೆ ಬರುವವರೆಗೆ ದಿನ ಕಾಯ್ದಿರಿಸಬೇಡಿ. ಮದುವೆ ಮುಂದೂಡಿದರೆ ಏನು, ಮಳೆ ಬಂದರೆ ನಿಮ್ಮ ಜಾಗ ಎಲ್ಲಿ, ಚಿತ್ರದ ಪ್ರತಿಗಳನ್ನು ಅಚ್ಚು ಹಾಕಿಸುವ ಹಕ್ಕು ಯಾರದು, ಎಷ್ಟು ಜನರ ಮುಖ ಗುರುತು ಹಿಡಿಯುವಂತಿರಬೇಕು, ಇವೆಲ್ಲ ಕಾಗದದಲ್ಲಿರಲಿ. ಕೊನೆಯದು ಬಹಳ ಮುಖ್ಯ. ಬಾಯಿಮಾತಿಗೆ ಬಿಟ್ಟರೆ ಎರಡೂ ಕಡೆಯ ಬಂಧುಬಳಗವೆಲ್ಲ ಚಿತ್ರದೊಳಗೆ ನುಗ್ಗುತ್ತದೆ.

ಸಂಶೋಧನೆ ಬಿಟ್ಟು ಹೋದರೆ ಮತ್ತೆ ಒಳಗೆ ಸೇರಿಸುವುದಿಲ್ಲ ಎಂದು ಹೆದರಿಸುವವರಿಗೆ ರಸಾಯನ ವಿಜ್ಞಾನಿ ಪರ್ಕಿನ್ ಹೆಸರು ಹೇಳಿ. 1856ರಲ್ಲಿ, ಹದಿನೆಂಟರ ವಯಸ್ಸಿನಲ್ಲಿ, ಮಲೇರಿಯಾದ ಔಷಧ ಕ್ವಿನೈನ್ ಮಾಡಲು ಹೋಗಿ ನೇರಳೆ ಬಣ್ಣ ಕಂಡುಹಿಡಿದರು. ಗುರು ಹಾಫ್‌ಮನ್ ಬೇಡವೆಂದರೂ ಕಾಲೇಜು ಬಿಟ್ಟು ಬಣ್ಣದ ಕಾರ್ಖಾನೆ ಹಾಕಿದರು, 1874ರಲ್ಲಿ ಅದನ್ನು ಮಾರಿ ಸಂಶೋಧನೆಗೆ ಮರಳಿದರು. ಕೈತುಂಬ ಹಣ ಮಾಡಿಕೊಂಡು ಮರಳಿದರು ಎಂಬುದನ್ನೂ ಸೇರಿಸಿಯೇ ಹೇಳಿ. ನನ್ನ ಸಲಹೆ ಕೇಳಿದರೆ ಒಪ್ಪಂದಕ್ಕೆ ಸಹಿ ಹಾಕಿ, ವಾರದ ದಿನಗಳನ್ನು ಕಡಿಮೆ ಮಾಡಿಕೊಡುವಂತೆ ಕೇಳಿ.

ಹರಳಿನವಳು

ಇಬ್ಬರಿಗೂ ಧನ್ಯವಾದ. ದಿನ ಕಡಿಮೆ ಮಾಡುವುದನ್ನು ಕೇಳಿ ನೋಡುತ್ತೇನೆ, ಆದರೆ ಹರಳುಗಳಿಗೆ ರಜೆ ಗೊತ್ತಿಲ್ಲ.

ಮಾಜಿ ರಸಾಯನಿಯವರಿಗೆ ಇನ್ನೆರಡು ಪ್ರಶ್ನೆ. ವಿಚಾರಿಸಿದವರಲ್ಲಿ ಒಬ್ಬ ವಧು, ತೀರಿಕೊಂಡ ತಂದೆಯನ್ನೂ ಚಿತ್ರದಲ್ಲಿ ಸೇರಿಸಬಹುದೇ ಎಂದು ಕೇಳಿದ್ದಾಳೆ. ಅಮ್ಮನಿಗೆ ಹೇಳುವುದಿಲ್ಲವಂತೆ, ಆ ಹೊತ್ತಿಗೆ ನೋಡಿ ಬೆರಗಾಗಲಿ ಎಂಬ ಆಸೆ. ಎರಡನೆಯದು: ಅವರ ಸಭಾಂಗಣದಲ್ಲಿ ಸಂಜೆ ನೇರಳೆ ಬಣ್ಣದ ಎಲ್ಇಡಿ ದೀಪಗಳು, ವಧುವಿನ ಉಡುಪು ಬಿಳಿ. ಯಾವ ಬಿಳಿ ಬೆರೆಸಲಿ?

ಮಾಜಿ ರಸಾಯನಿ

ತಂದೆಯನ್ನು ಸೇರಿಸಬಹುದು. ಈ ಕೋರಿಕೆ ಎಷ್ಟೋ ಮದುವೆಗಳಲ್ಲಿ ಬರುತ್ತದೆ, ನನಗೆ ಇಷ್ಟದ ಕೆಲಸವೂ ಹೌದು, ಏಕೆಂದರೆ ಕ್ಯಾಮೆರಾದಿಂದ ಆಗದ್ದು ಇದು. ಅವರ ಹಲವು ಫೋಟೊಗಳನ್ನು ತರಿಸಿಕೊಂಡು, ಮುಖದ ಮೇಲೆ ಬೆಳಕು ನಿಮ್ಮ ಚಿತ್ರದ ದಿಕ್ಕಿನಿಂದಲೇ ಬಿದ್ದಿರುವುದನ್ನು ಆರಿಸಿ. ಮೊದಲ ಸಾಲು ಬೇಡ. ಎರಡನೆಯ ಸಾಲಿನಲ್ಲಿ, ಉಳಿದವರಷ್ಟೇ ಗಾತ್ರದಲ್ಲಿ ನಿಲ್ಲಲಿ. ಹೇಗೆ ನಿಲ್ಲುತ್ತಿದ್ದರು, ಕೈ ಕಟ್ಟಿಕೊಂಡೋ ಬೆನ್ನ ಹಿಂದೆ ಇಟ್ಟುಕೊಂಡೋ ಎಂದು ಮಗಳನ್ನು ಕೇಳಿ. ಮುಖಕ್ಕಿಂತ ಮೊದಲು ಮನೆಯವರು ಗುರುತು ಹಿಡಿಯುವುದು ನಿಲುವನ್ನು. ಆದರೆ ಅಮ್ಮನಿಗೆ ಹೇಳದೆ ಮಾಡುವುದಕ್ಕೆ ನಾನು ಒಪ್ಪುವುದಿಲ್ಲ. ಅಷ್ಟು ಜನರ ಮುಂದೆ ಅವರು ಅಳಬೇಕೋ ಬೇಡವೋ ಎಂಬುದನ್ನು ಅವರೇ ನಿರ್ಧರಿಸಲಿ. ಮಗಳು ಪಟ್ಟು ಹಿಡಿದರೆ, ತಂದೆಯನ್ನು ಮನೆಯಲ್ಲಿ ಆಮೇಲೆ ಬರೆದು ಸೇರಿಸುತ್ತೇನೆ ಎನ್ನಿ.

ನೇರಳೆ ದೀಪ ನಮ್ಮ ವೃತ್ತಿಯ ಶಾಪ. ಬಿಳಿ ಬಟ್ಟೆ ಬೆಳ್ಳಗೆ ಕಾಣಲೆಂದು ಅದಕ್ಕೆ ಹೊಳಪುಕಾರಕ ಹಾಕಿರುತ್ತಾರೆ. ಅದು ಕಣ್ಣಿಗೆ ಕಾಣದ ಅತಿನೇರಳೆ ಕಿರಣ ಹೀರಿ ನೀಲಿ ಬೆಳಕು ಬಿಡುತ್ತದೆ. ಆ ದೀಪಗಳಲ್ಲಿ ಅಂಥ ಕಿರಣ ಸ್ವಲ್ಪ ಇದ್ದರೂ ಉಡುಪು ತಾನೇ ಬೆಳಗುತ್ತದೆ, ಪಕ್ಕದಲ್ಲಿರುವ ಮುಖ ಕಂದುತ್ತದೆ. ನಿಮ್ಮ ಟೈಟಾನಿಯಂ ಬಿಳಿ ಹಾಗೆ ಬೆಳಗುವುದಿಲ್ಲ, ಎಷ್ಟು ನೀಲಿ ಬೆರೆಸಿದರೂ ಅಷ್ಟೇ. ಆ ಬೆಳಕಿನಲ್ಲಿ ಸರಿಹೊಂದಿಸಿದ ಬಣ್ಣ ಬೆಳಿಗ್ಗೆ ಮನೆಯಲ್ಲಿ ಸತ್ತ ಮೀನಿನ ಹೊಟ್ಟೆಯಂತೆ ಕಾಣುತ್ತದೆ, ಹೊಂದಿದ ಎರಡು ಬಣ್ಣಗಳು ದೀಪ ಬದಲಾದರೆ ಬೇರೆಯಾಗುವುದು ನಿಮಗೆ ಗೊತ್ತೇ ಇದೆ. ಹೀಗೆ ಮಾಡಿ: ಉಡುಪಿನ ಬಟ್ಟೆಯನ್ನು ಹಗಲಿನಲ್ಲಿ ಒಮ್ಮೆ ನೋಡಿ, ಕೆನೆಬಿಳಿಯೋ ನೀಲಿಬಿಳಿಯೋ ತಿಳಿದುಕೊಂಡು, ನೆರಳು, ನಡುಬಣ್ಣ, ಬೆಳಕು ಈ ಮೂರು ಬಿಳಿಗಳನ್ನು ಮನೆಯಲ್ಲೇ ಬೆರೆಸಿ ಮುಚ್ಚಳದ ಡಬ್ಬಿಗಳಲ್ಲಿ ಒಯ್ಯಿರಿ. ನೇರಳೆಯನ್ನು ಗೋಡೆಗೆ, ನೆಲಕ್ಕೆ, ಉಡುಪಿನ ಅಂಚಿಗೆ ಮಾತ್ರ ಕೊಡಿ. ಈಸೆಲ್‌ಗೆ ಸಿಕ್ಕಿಸುವ ನಿಮ್ಮದೇ ದೀಪವಿರಲಿ, ಬಣ್ಣ ತೋರುವ ಸೂಚ್ಯಂಕ (ಸಿಆರ್‌ಐ, ದೀಪದ ಬೆಳಕಿನಲ್ಲಿ ಬಣ್ಣ ಎಷ್ಟು ಸಹಜವಾಗಿ ಕಾಣುತ್ತದೆ ಎಂಬ ಅಳತೆ) 90ಕ್ಕಿಂತ ಮೇಲಿರಲಿ, ಬೆಳಕಿನ ಛಾಯೆ ತೋರಿಸುವ ಬಣ್ಣತಾಪ 4000ದಿಂದ 5000 ಕೆಲ್ವಿನ್ ಸಾಕು. ಅದರ ಬೆಳಕು ಕ್ಯಾನ್ವಾಸ್ ಮತ್ತು ಪ್ಯಾಲೆಟ್ ಎರಡರ ಮೇಲೂ ಬೀಳಬೇಕು, ಅತಿಥಿಗಳ ಕಣ್ಣಿಗೆ ಚುಚ್ಚಬಾರದು. ಬ್ಯಾಟರಿ ಎರಡು ಒಯ್ಯಿರಿ, ವಿದ್ಯುತ್ತಿನ ಪ್ಲಗ್ ಯಾವಾಗಲೂ ಸಂಗೀತದವರ ಪಾಲಾಗಿರುತ್ತದೆ.